ಬೆರೆತು ಬಾಳುವ ಊರನ್ನು ಕಟ್ಟುವ ಬಗೆ: ಓಕ್ ಪಾರ್ಕ್ ಉಪನಗರದ ವರ್ಣ ಮತ್ತು ಮೂಲಗಳ ಕುರಿತು ಒಂದು ಸಂವಾದ

ಅಮೆರಿಕದ ಇಲಿನಾಯ್ ರಾಜ್ಯದಲ್ಲಿ, ಶಿಕಾಗೊ ನಗರದ ಪಶ್ಚಿಮ ಗಡಿಗೆ ಅಂಟಿಕೊಂಡಿರುವ ಓಕ್ ಪಾರ್ಕ್ ಎಂಬ ಉಪನಗರವನ್ನು ಕುರಿತ ಈ ಸಂವಾದದಲ್ಲಿ ಇಬ್ಬರು ಮಾತಾಡುತ್ತಾರೆ. ಒಬ್ಬರು ಸಮಾಜಶಾಸ್ತ್ರದ ಅಧ್ಯಾಪಕಿ, ಇನ್ನೊಬ್ಬ ಅವರ ಸಂಶೋಧನಾ ವಿದ್ಯಾರ್ಥಿ. ಒಂದು ಊರಿನಲ್ಲಿ ಯಾವ ವರ್ಣದವರು, ಯಾವ ಮೂಲದವರು ಎಷ್ಟು ಮಂದಿ ಇದ್ದಾರೆ ಎಂಬುದು ಜನರ ಇಷ್ಟಾನಿಷ್ಟಗಳಿಂದ ತಾನಾಗಿ ಏರ್ಪಡುತ್ತದೆಯೋ, ಅಥವಾ ಕಾನೂನು, ಸಾಲ ಮತ್ತು ವ್ಯಾಪಾರ ಸೇರಿ ಅದನ್ನು ಏರ್ಪಡಿಸುತ್ತವೆಯೋ ಎಂಬುದೇ ಇಲ್ಲಿಯ ಚರ್ಚೆ.

ವಿದ್ಯಾರ್ಥಿ: 2020ರ ಜನಗಣತಿಯ ಪ್ರಕಾರ ಓಕ್ ಪಾರ್ಕಿನ ಜನಸಂಖ್ಯೆ 54,583. ಅವರಲ್ಲಿ ನೂರಕ್ಕೆ ಹೆಚ್ಚುಕಡಿಮೆ ಅರವತ್ತು ಮಂದಿ ಬಿಳಿಯರು, ಐದನೆಯ ಒಂದು ಪಾಲಿಗಿಂತ ತುಸು ಕಡಿಮೆ ಕಪ್ಪು ವರ್ಣೀಯರು, ಉಳಿದವರು ಹಿಸ್ಪಾನಿಕ್ ಮೂಲದವರು, ಏಷ್ಯನ್ನರು ಮತ್ತು ಒಂದಕ್ಕಿಂತ ಹೆಚ್ಚು ವರ್ಣಗಳಿಗೆ ಸೇರಿದವರೆಂದು ಹೇಳಿಕೊಂಡವರು. ಇಷ್ಟು ಗೊತ್ತಾದರೆ ಊರಿನ ರಚನೆ ಗೊತ್ತಾದಂತೆಯೇ ಅಲ್ಲವೇ, ಮೇಡಂ?

ಅಧ್ಯಾಪಕಿ: ಎಣಿಕೆ ಗೊತ್ತಾಯಿತು, ಆದರೆ ಎಣಿಸಿದ ಕ್ರಮವನ್ನು ನೋಡದೆ ಮುಂದೆ ಹೋಗಬಾರದು. ಅಮೆರಿಕದ ಜನಗಣತಿಯಲ್ಲಿ ವರ್ಣ ಬೇರೆ, ಮೂಲ ಬೇರೆ. ಬಿಳಿಯರು, ಕಪ್ಪು ವರ್ಣೀಯರು, ಏಷ್ಯನ್ನರು, ಮೂಲನಿವಾಸಿಗಳು ಎಂಬಂಥ ವಿಭಾಗಗಳು ವರ್ಣದ ಪ್ರಶ್ನೆಗೆ ಸೇರಿದರೆ, ಮೆಕ್ಸಿಕೊ, ಪೋರ್ಟೊರಿಕೊ, ಕ್ಯೂಬಾ ಮೊದಲಾದ ಕಡೆಯಿಂದ ಬಂದ ಹಿಸ್ಪಾನಿಕ್ ಹಿನ್ನೆಲೆಯನ್ನು 2020ರವರೆಗೂ ಮೂಲದ ಪ್ರಶ್ನೆಯಾಗಿ ಪ್ರತ್ಯೇಕವಾಗಿ ಕೇಳಲಾಗುತ್ತಿತ್ತು. ಹಾಗಾಗಿ ಒಬ್ಬನೇ ವ್ಯಕ್ತಿ ಬಿಳಿಯನೂ ಹಿಸ್ಪಾನಿಕ್ಕನೂ ಆಗಬಹುದಿತ್ತು. 2000ದಿಂದ ಒಂದಕ್ಕಿಂತ ಹೆಚ್ಚು ವರ್ಣಗಳನ್ನು ಗುರುತಿಸಿಕೊಳ್ಳಲು ಅವಕಾಶ ಸಿಕ್ಕಿತು, 2024ರಲ್ಲಿ ಈ ಎರಡು ಪ್ರಶ್ನೆಗಳನ್ನು ಒಂದೇ ಮಾಡಬೇಕೆಂದು ಅಲ್ಲಿಯ ಕೇಂದ್ರ ಸರ್ಕಾರ ತೀರ್ಮಾನಿಸಿತು. ಅಂದರೆ ವಿಭಾಗಗಳು ರಕ್ತದಲ್ಲಿ ಬರೆದವಲ್ಲ, ಸರ್ಕಾರದ ನಮೂನೆಯಲ್ಲಿ ಬರೆದವು, ಮತ್ತು ನಮೂನೆ ಬದಲಾದಂತೆ ಊರಿನ ಚಿತ್ರವೂ ಬದಲಾಗುತ್ತದೆ.

ವಿದ್ಯಾರ್ಥಿ: ಈ ಬದಲಾವಣೆ ಭಾರತೀಯರನ್ನೂ ತಟ್ಟಿದೆಯೇ?

ಅಧ್ಯಾಪಕಿ: ಚೆನ್ನಾಗಿಯೇ ತಟ್ಟಿದೆ. 1920ರಿಂದ 1940ರವರೆಗಿನ ಮೂರು ಜನಗಣತಿಗಳಲ್ಲಿ ಭಾರತೀಯರನ್ನು ‘ಹಿಂದೂ’ ಎಂಬ ಒಂದು ವರ್ಣವಾಗಿ ನಮೂದಿಸಲಾಯಿತು, ಅವರಲ್ಲಿ ಬಹಳಷ್ಟು ಮಂದಿ ಪಂಜಾಬಿನ ಸಿಖ್ಖರೇ ಆಗಿದ್ದರೂ. 1923ರಲ್ಲಿ ಭಗತ್ ಸಿಂಗ್ ಥಿಂಡ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟು, ಪೌರತ್ವ ಕಾನೂನಿನ ಅರ್ಥದಲ್ಲಿ ಭಾರತೀಯರು ಬಿಳಿಯರಲ್ಲವೆಂದು ತೀರ್ಪಿತ್ತು ಅವರಿಗೆ ಪೌರತ್ವದ ಬಾಗಿಲು ಮುಚ್ಚಿತು. ಅದು ಮತ್ತೆ ತೆರೆದದ್ದು 1946ರಲ್ಲಿ. ಆದರೆ 1970ರ ಜನಗಣತಿಯಲ್ಲಿ ಭಾರತೀಯರನ್ನು ಬಿಳಿಯರ ಲೆಕ್ಕಕ್ಕೆ ಸೇರಿಸಲಾಯಿತು, 1980ರಲ್ಲಿ ‘ಏಷ್ಯನ್ ಇಂಡಿಯನ್’ ಎಂಬ ಹೊಸ ವಿಭಾಗ ಬಂತು. ಮೈಸೂರಿನಿಂದ ಹೋಗಿ ಶಿಕಾಗೊ ಸುತ್ತಿನ ಒಂದು ಉಪನಗರದಲ್ಲಿ ನೆಲೆಸಿದ ಎಂಜಿನಿಯರೊಬ್ಬರು ಮನೆಯನ್ನೂ ಕೆಲಸವನ್ನೂ ಬದಲಿಸದೆ, ಹತ್ತು ವರ್ಷಗಳಲ್ಲಿ ಬಿಳಿಯರ ಪಟ್ಟಿಯಿಂದ ಏಷ್ಯನ್ನರ ಪಟ್ಟಿಗೆ ಬಂದಿರುತ್ತಾರೆ. ಅಂಕಿ ಅಂಶಗಳನ್ನು ಓದುವಾಗ ಇದನ್ನು ನೆನಪಿಡಬೇಕು.

ವಿದ್ಯಾರ್ಥಿ: ವಿಭಾಗಗಳು ಹೇಗಾದರೂ ಇರಲಿ, ಜನ ತಮ್ಮವರ ನಡುವೆ ಇರಲು ಬಯಸುವುದು ಸಹಜವಲ್ಲವೇ? ಭಾಷೆ, ಪೂಜೆ, ಊಟ, ಮದುವೆಯ ಸಂಬಂಧಗಳು ಎಲ್ಲವೂ ಹತ್ತಿರದಲ್ಲಿರಬೇಕೆಂದು ಬಯಸುವವರು ಒಂದೆಡೆ ಸೇರಿದರೆ, ಬಿಳಿಯರ ಉಪನಗರ ಮತ್ತು ಕಪ್ಪು ವರ್ಣೀಯರ ಬಡಾವಣೆ ತಾವಾಗಿಯೇ ಉಂಟಾಗುತ್ತವೆ ಎನ್ನಬಹುದಲ್ಲ?

ಅಧ್ಯಾಪಕಿ: ಆ ವಾದದಲ್ಲಿ ಸ್ವಲ್ಪ ಸತ್ಯವಿದೆ. ಆದರೆ ಹಾಗೆ ಸಹಜವಾಗಿ ಆಗುವ ಕೆಲಸಕ್ಕೆ ಇಷ್ಟೊಂದು ಕಾಗದಪತ್ರ ಏಕೆ ಬೇಕಾಯಿತು ಎಂಬುದನ್ನು ಆ ವಾದ ವಿವರಿಸುವುದಿಲ್ಲ. ಬಡಾವಣೆಗಳನ್ನು ವರ್ಣಾನುಸಾರ ವಿಂಗಡಿಸುವ ನಗರಸಭೆಗಳ ಕಾನೂನುಗಳನ್ನು ಸುಪ್ರೀಂ ಕೋರ್ಟು 1917ರಲ್ಲಿ ರದ್ದು ಮಾಡಿದ ಮೇಲೆ, ಅದೇ ಕೆಲಸವನ್ನು ಖಾಸಗಿ ಕ್ರಯಪತ್ರಗಳು ಕೈಗೆತ್ತಿಕೊಂಡವು. ಈ ಮನೆಯನ್ನು ಬಿಳಿಯರಲ್ಲದವರಿಗೆ ಮಾರಬಾರದು, ಬಾಡಿಗೆಗೂ ಕೊಡಬಾರದು ಎಂಬ ಷರತ್ತನ್ನು ಪತ್ರದಲ್ಲೇ ಬರೆದು, ಮೀರಿದವರ ಮೇಲೆ ನೆರೆಯವರು ದಾವೆ ಹೂಡುವುದಕ್ಕೆ ದಾರಿ ಮಾಡಲಾಗಿತ್ತು. ಇಂಥ ಷರತ್ತುಗಳನ್ನು ನ್ಯಾಯಾಲಯಗಳು ಜಾರಿಗೊಳಿಸುವಂತಿಲ್ಲ ಎಂದು 1948ರ ಶೆಲಿ ಪ್ರಕರಣದಲ್ಲಿ ತೀರ್ಪಾಗುವವರೆಗೆ ಈ ಪದ್ಧತಿ ಕಾನೂನಿನ ಬೆಂಬಲದಿಂದಲೇ ನಡೆಯಿತು.

ವಿದ್ಯಾರ್ಥಿ: ಅದು ಖಾಸಗಿಯವರ ತಾರತಮ್ಯ. ಸರ್ಕಾರದ ಪಾತ್ರ ಎಲ್ಲಿದೆ?

ಅಧ್ಯಾಪಕಿ: ಸಾಲದಲ್ಲಿದೆ. 1933ರಲ್ಲಿ ಸ್ಥಾಪನೆಯಾದ ಗೃಹಸಾಲ ನಿಗಮವೊಂದು 200ಕ್ಕೂ ಹೆಚ್ಚು ನಗರಗಳ ನಕ್ಷೆಗಳನ್ನು ತಯಾರಿಸಿ, ಸಾಲ ಕೊಡುವುದಕ್ಕೆ ಉತ್ತಮವಾದ ಬಡಾವಣೆಗಳಿಗೆ ಹಸಿರು, ಅಪಾಯಕರವೆಂದು ಎಣಿಸಿದ ಬಡಾವಣೆಗಳಿಗೆ ಕೆಂಪು ಬಣ್ಣ ಬಳಿಯಿತು. ಕಪ್ಪು ವರ್ಣೀಯರಿದ್ದ ಬಡಾವಣೆಗಳಿಗೆ ಸಾಮಾನ್ಯವಾಗಿ ಸಿಕ್ಕಿದ್ದು ಕೆಂಪು. ಹೀಗೆ ಬಡಾವಣೆಯ ಜನರ ವರ್ಣವನ್ನು ನೋಡಿ ಸಾಲ ನಿರಾಕರಿಸುವುದಕ್ಕೆ ‘ರೆಡ್‌ಲೈನಿಂಗ್’, ಎಂದರೆ ಕೆಂಪುಗೆರೆ ಪದ್ಧತಿ, ಎಂಬ ಹೆಸರು ಬಂತು. 1934ರಲ್ಲಿ ಹುಟ್ಟಿದ ಕೇಂದ್ರ ವಸತಿ ಆಡಳಿತ ಬ್ಯಾಂಕುಗಳು ಕೊಡುವ ಗೃಹಸಾಲಕ್ಕೆ ವಿಮೆಯ ಖಾತರಿ ನೀಡುತ್ತಿತ್ತು, ಮತ್ತು ಅದರ ಕೈಪಿಡಿಯೇ ವರ್ಣ ನಿರ್ಬಂಧದ ಷರತ್ತುಗಳನ್ನು ಶಿಫಾರಸು ಮಾಡುತ್ತಿತ್ತು. ನ್ಯೂಯಾರ್ಕಿನ ಲಾಂಗ್ ಐಲೆಂಡಿನಲ್ಲಿ ಆಲೂಗಡ್ಡೆ ಬೆಳೆಯುತ್ತಿದ್ದ ಹೊಲಗಳ ಮೇಲೆ 1947ರಿಂದ 1951ರವರೆಗೆ 17,000ಕ್ಕೂ ಹೆಚ್ಚು ಮನೆಗಳಾಗಿ ಎದ್ದುನಿಂತ ಲೆವಿಟ್‌ಟೌನ್, ಯುದ್ಧದಿಂದ ಮರಳಿದ ಸೈನಿಕರಿಗೆ ಕೈಗೆಟಕುವ ಮನೆ ಕೊಟ್ಟಿತು, ಆದರೆ ಬಿಳಿಯ ಸೈನಿಕರಿಗೆ ಮಾತ್ರ. ಅಲ್ಲಿ ನೆಲೆಸಿದವರಿಗೆ ಆ ಮನೆ ಮುಂದೆ ಮಕ್ಕಳ ಓದಿಗೂ ಮುಪ್ಪಿಗೂ ಆಸ್ತಿಯಾಯಿತು, ಹೊರಗುಳಿದವರ ಕೈಯಲ್ಲಿ ಬಾಡಿಗೆಯ ರಸೀದಿಗಳಷ್ಟೇ ಉಳಿದವು. ಇದನ್ನು ಯಾವ ಅರ್ಥದಲ್ಲೂ ಸಹಜವೆನ್ನಲಾಗದು.

ವಿದ್ಯಾರ್ಥಿ: ಆದರೆ ಓಕ್ ಪಾರ್ಕ್ ಅಂಥ ಹೊಸ ಬಡಾವಣೆಯಲ್ಲ. ವಾಸ್ತುಶಿಲ್ಪಿ ಫ್ರಾಂಕ್ ಲಾಯ್ಡ್ ರೈಟ್ ಮನೆ ಕಟ್ಟಿಕೊಂಡು ಕಚೇರಿ ಇಟ್ಟ ಊರದು, 1899ರಲ್ಲಿ ಅರ್ನೆಸ್ಟ್ ಹೆಮಿಂಗ್ವೆ ಹುಟ್ಟಿದ ಊರು. ವಿದ್ಯಾವಂತರ ಆ ಊರು ಉದಾರವಾಗಿತ್ತೆಂದು ಊಹಿಸಬಹುದಲ್ಲ?

ಅಧ್ಯಾಪಕಿ: ಪರ್ಸಿ ಜೂಲಿಯನ್ ಅವರಿಗಾದ ಅನುಭವ ಆ ಊಹೆಯನ್ನು ನಿಲ್ಲಗೊಡುವುದಿಲ್ಲ. ವಿಯೆನ್ನಾದಲ್ಲಿ ಡಾಕ್ಟರೇಟ್ ಪಡೆದು, 1935ರಲ್ಲಿ ಗ್ಲಾಕೋಮಾ ಎಂಬ ಕಣ್ಣಿನ ಕಾಯಿಲೆಗೆ ಬಳಸುವ ಫೈಸೊಸ್ಟಿಗ್ಮೀನ್ ಎಂಬ ಔಷಧವನ್ನು ಪ್ರಯೋಗಾಲಯದಲ್ಲಿ ಸಂಶ್ಲೇಷಿಸಿ, ಸೋಯಾದಿಂದ ಹಾರ್ಮೋನುಗಳನ್ನು ತಯಾರಿಸುವ ದಾರಿಯನ್ನು ಬೆಳೆಸಿದ ರಸಾಯನಶಾಸ್ತ್ರಜ್ಞ ಅವರು. ಈ ಕಪ್ಪು ವರ್ಣೀಯ ವಿಜ್ಞಾನಿ 1950ರಲ್ಲಿ ಓಕ್ ಪಾರ್ಕಿನಲ್ಲಿ ಮನೆ ಕೊಂಡರು. ಕುಟುಂಬ ಇನ್ನೂ ಅಲ್ಲಿಗೆ ಬಂದಿರಲಿಲ್ಲ. ಆ ವರ್ಷದ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಮನೆಗೆ ಬೆಂಕಿ ಹಚ್ಚುವ ಪ್ರಯತ್ನ ನಡೆಯಿತು. ಮುಂದಿನ ವರ್ಷ ಜೂನ್‌ನಲ್ಲಿ ಡೈನಮೈಟ್ ಎಸೆಯಲಾಯಿತು. ಅದೇ 1951ರ ಜುಲೈನಲ್ಲಿ, ಓಕ್ ಪಾರ್ಕಿನ ದಕ್ಷಿಣಕ್ಕಿರುವ ಸಿಸೆರೊ ಉಪನಗರದಲ್ಲಿ, ಒಂದೇ ಒಂದು ಕಪ್ಪು ಕುಟುಂಬ ಬಾಡಿಗೆಗೆ ಬಂದದ್ದಕ್ಕೆ ಸಾವಿರಾರು ಜನರ ಗುಂಪು ಆ ಕಟ್ಟಡದ ಮೇಲೆ ಎರಗಿದಾಗ, ದೊಂಬಿಯನ್ನು ತಡೆಯಲು ರಾಜ್ಯಪಾಲರು ನ್ಯಾಷನಲ್ ಗಾರ್ಡ್ ಪಡೆಯನ್ನು ಕರೆಸಬೇಕಾಯಿತು. ಜೂಲಿಯನ್ ದಂಪತಿ ಮಾತ್ರ ಊರು ಬಿಡಲಿಲ್ಲ, ಮತ್ತು ಅವರ ಪರವಾಗಿ ನಿಂತ ನೆರೆಯವರೂ ಇದ್ದರು. ಇಂದು ಆ ಊರಿನ ಒಂದು ಮಾಧ್ಯಮಿಕ ಶಾಲೆಗೆ ಅವರ ಹೆಸರಿದೆ.

ವಿದ್ಯಾರ್ಥಿ: 1968ರ ಏಪ್ರಿಲ್‌ನಲ್ಲಿ, ಮಾರ್ಟಿನ್ ಲೂಥರ್ ಕಿಂಗ್ ಹತ್ಯೆಯಾದ ಒಂದು ವಾರದಲ್ಲಿ, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಕೇಂದ್ರ ಕಾಯಿದೆಗೆ ಅಂಕಿತ ಬಿತ್ತು. ಮುಂದಿನ ತಿಂಗಳೇ ಓಕ್ ಪಾರ್ಕಿನ ಮಂಡಳಿ ತನ್ನದೇ ನಿಯಮವನ್ನು ಅಂಗೀಕರಿಸಿತು. ಅಲ್ಲಿಗೆ ಅಡ್ಡಿ ನಿವಾರಣೆಯಾಗಿ ಜನ ಬೆರೆಯತೊಡಗಿದರು ಎಂದುಕೊಂಡರೆ ತಪ್ಪೇ?

ಅಧ್ಯಾಪಕಿ: ಆಸ್ಟಿನ್ ಬುಲೆವಾರ್ಡ್ ಎಂಬ ರಸ್ತೆಯ ಎರಡು ಬದಿಗಳನ್ನು ಹೋಲಿಸಿದರೆ ತಪ್ಪೆಂದು ತಿಳಿಯುತ್ತದೆ. ರಸ್ತೆಯ ಪಶ್ಚಿಮಕ್ಕೆ ಓಕ್ ಪಾರ್ಕ್, ಪೂರ್ವಕ್ಕೆ ಶಿಕಾಗೊ ನಗರದ ಆಸ್ಟಿನ್ ಬಡಾವಣೆ. 1960ರಲ್ಲಿ ಬಹುತೇಕ ಪೂರ್ತಿಯಾಗಿ ಬಿಳಿಯರದಾಗಿದ್ದ ಆಸ್ಟಿನ್, 1980ರ ಹೊತ್ತಿಗೆ ಸುಮಾರು ಮುಕ್ಕಾಲು ಪಾಲು ಕಪ್ಪು ವರ್ಣೀಯರ ಬಡಾವಣೆಯಾಗಿತ್ತು. ನಡುವೆ ಬೆರೆತ ಕಾಲವೊಂದಿತ್ತು, ಆದರೆ ಅದು ಒಂದು ಗುಂಪು ಹೊರಟು ಇನ್ನೊಂದು ಗುಂಪು ಬರುವುದರ ನಡುವಿನ ಅಲ್ಪಾವಧಿ ಮಾತ್ರ. ಆ ಅವಧಿಯಲ್ಲಿ ಲಾಭ ಮಾಡಿಕೊಂಡವರು ದಲ್ಲಾಳಿಗಳು. ಅವರ ತಂತ್ರಕ್ಕೆ ‘ಬ್ಲಾಕ್‌ಬಸ್ಟಿಂಗ್’ ಎಂದು ಹೆಸರು. ಒಂದು ಬೀದಿಯಲ್ಲಿ ಒಂದು ಮನೆಯನ್ನು ಕಪ್ಪು ಕುಟುಂಬಕ್ಕೆ ಮಾರಿಸಿ, ಉಳಿದ ಮನೆಯವರಿಗೆ ಹೊತ್ತಲ್ಲದ ಹೊತ್ತಿನಲ್ಲಿ ಫೋನ್ ಮಾಡಿ, ಇಂದು ಮಾರದಿದ್ದರೆ ನಾಳೆ ಅರ್ಧ ಬೆಲೆಯೂ ಬರುವುದಿಲ್ಲವೆಂದು ಹೆದರಿಸಿ, ಅಗ್ಗಕ್ಕೆ ಕೊಂಡ ಮನೆಯನ್ನು ಬೇರೆಲ್ಲೂ ಮನೆ ಸಿಗದ ಕಪ್ಪು ವರ್ಣೀಯರಿಗೆ ದುಬಾರಿ ಬೆಲೆಗೆ ಮಾರುವುದು. ಬ್ಯಾಂಕಿನ ಸಾಲ ಸಿಗದ ಕಾರಣ ಅನೇಕರು ಕಂತಿನ ಕರಾರಿನ ಮೇಲೆ ಕೊಳ್ಳುತ್ತಿದ್ದರು. ಕೊನೆಯ ಕಂತು ತೀರುವವರೆಗೆ ಮನೆ ಅವರ ಹೆಸರಿಗೆ ಬರುತ್ತಿರಲಿಲ್ಲ, ಒಂದು ಕಂತು ತಪ್ಪಿದರೂ ಮನೆಯೂ ಹೋಗಿ ಕಟ್ಟಿದ ಹಣವೂ ಹೋಗುವ ಭಯವಿತ್ತು.

ವಿದ್ಯಾರ್ಥಿ: ದಲ್ಲಾಳಿಗಳು ಹೆದರಿಸಿದರೆಂದೇ ಸಾವಿರಾರು ಕುಟುಂಬಗಳು ಮನೆ ಮಾರಿ ಹೊರಟವೇ? ಅವರಲ್ಲಿ ದ್ವೇಷ ಇದ್ದಿರಲೇಬೇಕು.

ಅಧ್ಯಾಪಕಿ: ಇತ್ತು. ಆದರೆ ದ್ವೇಷ ಇಲ್ಲದಿದ್ದರೂ ಪ್ರತ್ಯೇಕತೆ ಉಂಟಾಗಬಲ್ಲದೆಂಬುದನ್ನು ಮುಂದೆ 2005ರಲ್ಲಿ ನೊಬೆಲ್ ಪಡೆದ ಅರ್ಥಶಾಸ್ತ್ರಜ್ಞ ಥಾಮಸ್ ಶೆಲಿಂಗ್ 1971ರ ಒಂದು ಲೇಖನದಲ್ಲಿ ತೋರಿಸಿದರು. ಚದುರಂಗದ ಹಲಗೆಯಂಥ ಮನೆಗಳಲ್ಲಿ ಎರಡು ಬಗೆಯ ನಾಣ್ಯಗಳನ್ನು ಬೆರಸಿ ಇಟ್ಟು, ಕೆಲವು ಮನೆಗಳನ್ನು ಖಾಲಿ ಬಿಟ್ಟು, ಒಂದು ಸೌಮ್ಯವಾದ ನಿಯಮವನ್ನು ಹಾಕಿಕೊಳ್ಳಬೇಕು: ಪ್ರತಿ ನಾಣ್ಯವೂ ತನ್ನ ನೆರೆಯಲ್ಲಿ ಮೂರನೆಯ ಒಂದು ಪಾಲಾದರೂ ತನ್ನ ಬಗೆಯವು ಇರಲಿ ಎಂದು ಬಯಸುತ್ತದೆ, ಇಲ್ಲದಿದ್ದರೆ ಖಾಲಿ ಮನೆಗೆ ಸರಿಯುತ್ತದೆ. ಒಂದು ನಾಣ್ಯ ಸರಿದರೆ ಅದು ಬಿಟ್ಟ ಜಾಗದ ನೆರೆಯೂ ಹೊಕ್ಕ ಜಾಗದ ನೆರೆಯೂ ಬದಲಾಗುತ್ತವೆ, ಅದರಿಂದ ಇನ್ನೊಂದು ಸರಿಯುತ್ತದೆ, ಹೀಗೆ ಸರಿಯುತ್ತ ಹೋಗಿ ಕೊನೆಗೆ ಯಾರೂ ಬಯಸದಷ್ಟು ಕಟುವಾದ ವಿಂಗಡಣೆ ಉಳಿಯುತ್ತದೆ. ಯಾವ ಪ್ರಮಾಣವನ್ನು ದಾಟಿದೊಡನೆ ಈ ಸರಪಳಿ ತಡೆಯಿಲ್ಲದೆ ಓಡತೊಡಗುತ್ತದೆಯೋ ಅದನ್ನು ‘ಟಿಪ್ಪಿಂಗ್ ಪಾಯಿಂಟ್’ ಎಂದರೆ ವಾಲುಬಿಂದು ಎನ್ನುತ್ತಾರೆ. ನೆರೆಯವನು ಹೊರಟಾನು ಎಂಬ ಅನುಮಾನವೇ ಇಲ್ಲಿ ಹೊರಡುವುದಕ್ಕೆ ಸಾಕಷ್ಟು ಕಾರಣ. ದಲ್ಲಾಳಿಗಳು ಮಾರುತ್ತಿದ್ದುದು ಈ ಅನುಮಾನವನ್ನು.

ವಿದ್ಯಾರ್ಥಿ: ಹಾಗಾದರೆ ಬರಿಯ ನಿಷೇಧದಿಂದ ಏನೂ ಆಗದು, ಅನುಮಾನವನ್ನು ಕಳೆಯಬೇಕು. ಓಕ್ ಪಾರ್ಕ್ ಅದನ್ನು ಹೇಗೆ ಸಾಧಿಸಿತು?

ಅಧ್ಯಾಪಕಿ: ಒಂದೊಂದಾಗಿ ಹಲವು ಕ್ರಮಗಳನ್ನು ಕೈಗೊಂಡಿತು. ಬೀದಿಯ ತುಂಬ ‘ಮನೆ ಮಾರಾಟಕ್ಕಿದೆ’ ಎಂಬ ಫಲಕಗಳು ಕಂಡರೆ ಗಾಬರಿ ಹರಡುತ್ತದೆಂದು ಅವುಗಳನ್ನು ನಿಲ್ಲಿಸಿತು. 1977ರಲ್ಲಿ ನ್ಯೂಜೆರ್ಸಿಯ ವಿಲಿಂಗ್‌ಬರೊ ಎಂಬ ಊರಿನ ಮೊಕದ್ದಮೆಯಲ್ಲಿ ಇಂಥ ನಿಷೇಧ ವಾಕ್ ಸ್ವಾತಂತ್ರ್ಯಕ್ಕೆ ವಿರುದ್ಧವೆಂದು ಸುಪ್ರೀಂ ಕೋರ್ಟು ಹೇಳಿದ ಮೇಲೂ ಇಲ್ಲಿಯ ದಲ್ಲಾಳಿಗಳು ಸ್ವಇಚ್ಛೆಯಿಂದ ಫಲಕ ಹಾಕದೆ ಬಂದರು. ಆ ವಿಲಿಂಗ್‌ಬರೊ ಕೂಡ ಲೆವಿಟ್ ಕಂಪನಿ ಕಟ್ಟಿದ ಊರೇ ಆಗಿತ್ತು. ಮನೆಯ ಬೆಲೆ ಬೀಳುವ ಭಯಕ್ಕೆ 1978ರಲ್ಲಿ ವಿಮೆಯಂಥ ಯೋಜನೆಯೊಂದು ಬಂತು: ನೋಂದಾಯಿಸಿಕೊಂಡ ಮನೆಯೊಡೆಯರು ಐದು ವರ್ಷ ಕಾದ ಮೇಲೆ, ಅಂದಾಜು ಮಾಡಿಸಿದ್ದ ಬೆಲೆಗಿಂತ ಕಡಿಮೆಗೆ ಮನೆ ಮಾರಬೇಕಾಗಿ ಬಂದರೆ ನಷ್ಟದ ಶೇ. 80ರಷ್ಟನ್ನು ಊರೇ ತುಂಬಿಕೊಡುತ್ತಿತ್ತು. ಆ ಖಾತೆಯಿಂದ ಪರಿಹಾರ ಕೊಡುವ ಪ್ರಸಂಗವೇ ಬರಲಿಲ್ಲ. ಊರಿನ ಆಡಳಿತ ಭವನವನ್ನೂ 1970ರ ದಶಕದಲ್ಲಿ ಪೂರ್ವ ಭಾಗದಲ್ಲಿ ಕಟ್ಟಲಾಯಿತು, ಆ ಭಾಗವನ್ನು ಕೈಬಿಡುವುದಿಲ್ಲವೆಂದು ಎಲ್ಲರಿಗೂ ಕಾಣಲಿ ಎಂದು.

ವಿದ್ಯಾರ್ಥಿ: ಬಾಡಿಗೆಯ ಮನೆಗಳ ವಿಷಯ?

ಅಧ್ಯಾಪಕಿ: ಅಲ್ಲೇ ಈ ಪ್ರಯೋಗದ ಹೃದಯವಿದೆ. ರಾಬರ್ಟಾ ರೇಮಂಡ್ ಎಂಬುವರ ಮುಂದಾಳತ್ವದಲ್ಲಿ 1972ರಲ್ಲಿ ಓಕ್ ಪಾರ್ಕ್ ವಸತಿ ಕೇಂದ್ರ ಆರಂಭವಾಯಿತು. ಬಾಡಿಗೆ ಮನೆ ಹುಡುಕಿಕೊಂಡು ಬಂದವರೊಡನೆ ಅಲ್ಲಿಯ ಸಲಹೆಗಾರರು ಕುಳಿತು ಮಾತಾಡಿ, ಬಿಳಿಯರು ತಾವಾಗಿ ಕೇಳದ ಪೂರ್ವ ಅಂಚಿನ ಮನೆಗಳನ್ನೂ, ಕಪ್ಪು ವರ್ಣೀಯರಿಗೆ ಬೇರೆಡೆ ಯಾರೂ ತೋರಿಸದ ಪಶ್ಚಿಮ ಭಾಗದ ಮನೆಗಳನ್ನೂ ಪಟ್ಟಿಗೆ ಸೇರಿಸಿ ಕೊಡುತ್ತಿದ್ದರು. ಬಂದವರು ಯಾವ ಮನೆಯನ್ನಾದರೂ ಆರಿಸಿಕೊಳ್ಳಬಹುದಿತ್ತು, ಬಲವಂತ ಇರಲಿಲ್ಲ. ಕೇಂದ್ರದೊಡನೆ ಸಹಕರಿಸಿದ ಕಟ್ಟಡಗಳ ಮಾಲೀಕರಿಗೆ ಮುಂದೆ ಊರಿನಿಂದ ದುರಸ್ತಿಯ ನೆರವೂ ದೊರೆಯಿತು. ಫಲವಾಗಿ 1970ರಲ್ಲಿ ಶೇ. 1ನ್ನೂ ಮುಟ್ಟದಿದ್ದ ಕಪ್ಪು ವರ್ಣೀಯರ ಪ್ರಮಾಣ 1980ರಲ್ಲಿ ಸುಮಾರು ಶೇ. 11ಕ್ಕೂ, 2000ದಲ್ಲಿ ಸುಮಾರು ಶೇ. 22ಕ್ಕೂ ಏರಿತು, ಆದರೂ ರಸ್ತೆಯಾಚೆಯ ಆಸ್ಟಿನ್‌ನಲ್ಲಿ ಕಂಡಂಥ ಪಲಾಯನ ಇಲ್ಲಿ ಆಗಲಿಲ್ಲ.

ವಿದ್ಯಾರ್ಥಿ: ಇಲ್ಲಿ ಒಂದು ಆಕ್ಷೇಪವನ್ನು ಎತ್ತಲೇಬೇಕು, ಮೇಡಂ. ಗಿರಾಕಿಯ ವರ್ಣವನ್ನು ನೋಡಿ ಇಂಥ ಬೀದಿಯ ಮನೆಯನ್ನು ತೋರಿಸುವುದನ್ನು ‘ಸ್ಟಿಯರಿಂಗ್’ ಎಂದರೆ ದಾರಿ ತಿರುಗಿಸುವ ಅಪರಾಧವೆಂದು ಕಾನೂನು ಹೇಳುತ್ತದೆ. ಉದ್ದೇಶ ಒಳ್ಳೆಯದೆಂಬ ಮಾತ್ರಕ್ಕೆ ಅದೇ ಕೆಲಸ ಸರಿಯಾಗುತ್ತದೆಯೇ? ಅಲ್ಲದೆ ಈ ಎಲ್ಲ ಏರ್ಪಾಡಿನ ಒಳಗೆ ಕಪ್ಪು ವರ್ಣೀಯರ ಸಂಖ್ಯೆ ಮಿತಿ ಮೀರದಿರಲಿ ಎಂಬ ಎಣಿಕೆ ಅಡಗಿದೆ. ಬಿಳಿಯರ ಭಯವೇ ಇಲ್ಲಿ ಅಳತೆಗೋಲು.

ಅಧ್ಯಾಪಕಿ: ಆಕ್ಷೇಪ ನ್ಯಾಯವಾದದ್ದು, ಮತ್ತು ಆ ಊರಿನ ಕಪ್ಪು ವರ್ಣೀಯರೇ ಅದನ್ನು ಎತ್ತಿದ್ದಾರೆ. 1970ರ ದಶಕದ ಮೊದಲ ಭಾಗದಲ್ಲಿ ಕೆಲವು ಬೀದಿಗಳಲ್ಲಿ ಕಪ್ಪು ವರ್ಣೀಯರ ಪ್ರಮಾಣಕ್ಕೆ ಮಿತಿ ಹಾಕುವ ಪ್ರಸ್ತಾಪ ಚರ್ಚೆಗೆ ಬಂದು, ವಿರೋಧದಿಂದಾಗಿ ಬಿದ್ದುಹೋಯಿತು. ಬಿದ್ದುಹೋದದ್ದು ಒಳ್ಳೆಯದೇ ಆಯಿತು. ಆಯ್ಕೆಯ ಪಟ್ಟಿಯನ್ನು ಹಿಗ್ಗಿಸುವುದಕ್ಕೂ ಕುಗ್ಗಿಸುವುದಕ್ಕೂ ವ್ಯತ್ಯಾಸವಿದೆ: ದಲ್ಲಾಳಿ ಕೆಲವು ಮನೆಗಳನ್ನು ಬಚ್ಚಿಡುತ್ತಿದ್ದ, ಕೇಂದ್ರ ಕೆಲವು ಮನೆಗಳನ್ನು ಹೆಚ್ಚಾಗಿ ತೋರಿಸುತ್ತಿತ್ತು. ಆದರೂ ಆಕ್ಷೇಪದ ಎರಡನೆಯ ಭಾಗ ಉಳಿದೇ ಇದೆ. ಬಿಳಿಯರು ನೆಮ್ಮದಿಯಾಗಿ ಉಳಿಯುವಂತೆ ನೋಡಿಕೊಳ್ಳುವುದೇ ಬೆರೆತ ಊರಿಗೆ ಷರತ್ತಾದರೆ, ಸಮಾನತೆಯ ಬೆಲೆಯನ್ನು ಯಾರು ತೆರುತ್ತಾರೆ ಎಂಬ ಪ್ರಶ್ನೆ ಏಳುತ್ತದೆ. ಆಸ್ಟಿನ್ ಬುಲೆವಾರ್ಡನ್ನು ಸೇರುವ ಓಕ್ ಪಾರ್ಕಿನ ಕೆಲವು ಬೀದಿಗಳ ತುದಿಯನ್ನು ವಾಹನಗಳು ನುಗ್ಗದಂತೆ ಮುಚ್ಚಿರುವುದನ್ನು ಕಂಡವರಿಗೆ, ಈ ಊರು ಸ್ವಾಗತಿಸಿದ್ದೆಷ್ಟು, ಬೇಲಿ ಹಾಕಿದ್ದೆಷ್ಟು ಎಂಬ ಸಂಶಯ ಬಂದರೆ ಆಶ್ಚರ್ಯವಿಲ್ಲ.

ವಿದ್ಯಾರ್ಥಿ: ಆಸ್ಟಿನ್‌ನಲ್ಲಿದ್ದವರು ಇದೇ ಕ್ರಮಗಳನ್ನು ಏಕೆ ಕೈಗೊಳ್ಳಲಿಲ್ಲ?

ಅಧ್ಯಾಪಕಿ: ಕೈಗೊಳ್ಳುವ ಅಧಿಕಾರ ಅವರಿಗಿರಲಿಲ್ಲ. ಆಸ್ಟಿನ್ ಮಹಾನಗರದ ಹತ್ತಾರು ಬಡಾವಣೆಗಳಲ್ಲಿ ಒಂದು. ಓಕ್ ಪಾರ್ಕ್ 1902ರಿಂದ ಸ್ವಂತ ಚುನಾಯಿತ ಮಂಡಳಿ, ಸ್ವಂತ ತೆರಿಗೆ, ಸ್ವಂತ ಪೊಲೀಸು ಇರುವ ಊರು. ಅದರ ಶಾಲೆಗಳೂ ಶಿಕಾಗೊ ಶಾಲಾ ಮಂಡಳಿಗೆ ಸೇರಿದವಲ್ಲ. ಈ ಸ್ವಾಯತ್ತತೆಯನ್ನು ಅಮೆರಿಕದ ಬಹುಪಾಲು ಉಪನಗರಗಳು ಹೊರಗಿಡುವುದಕ್ಕೆ ಬಳಸಿವೆ: ದೊಡ್ಡ ನಿವೇಶನಗಳನ್ನಷ್ಟೇ ಅನುಮತಿಸಿ, ಬಾಡಿಗೆ ಕಟ್ಟಡಗಳನ್ನು ತಡೆದು, ಬಡವರನ್ನು ಬೆಲೆಯಿಂದಲೇ ದೂರವಿಟ್ಟಿವೆ. 1974ರಲ್ಲಿ ಡೆಟ್ರಾಯಿಟ್ ನಗರದ ಮೊಕದ್ದಮೆಯಲ್ಲಿ, ನಗರದ ಶಾಲೆಗಳಲ್ಲಿನ ವರ್ಣ ಪ್ರತ್ಯೇಕತೆಯನ್ನು ಸರಿಪಡಿಸುವ ಯೋಜನೆಗೆ ಸುತ್ತಲಿನ ಉಪನಗರಗಳನ್ನು ಎಳೆದು ತರುವಂತಿಲ್ಲವೆಂದು ಸುಪ್ರೀಂ ಕೋರ್ಟು ಹೇಳಿದ ಮೇಲೆ, ಊರಿನ ಗಡಿಯೇ ವರ್ಣದ ಗಡಿಯಾಗುವುದಕ್ಕೆ ಇನ್ನಷ್ಟು ಬಲ ಬಂತು. ಅದೇ ಅಧಿಕಾರವನ್ನು ಓಕ್ ಪಾರ್ಕ್ ಬೇರೆ ಕೆಲಸಕ್ಕೆ ಬಳಸಿತೆಂಬುದೇ ಅದರ ವಿಶೇಷ.

ವಿದ್ಯಾರ್ಥಿ: ಆದರೆ ಯಾವ ಯೋಜನೆಯೂ ಇಲ್ಲದೆ ಬದಲಾದ ಊರುಗಳೂ ಇವೆಯಲ್ಲ? ಕಪ್ಪು ಕುಟುಂಬವೊಂದನ್ನು ಓಡಿಸಿದ ಸಿಸೆರೊದಲ್ಲಿ ಇಂದು ಹತ್ತರಲ್ಲಿ ಸುಮಾರು ಒಂಬತ್ತು ಮಂದಿ ಹಿಸ್ಪಾನಿಕ್ ಮೂಲದವರು. ಪಶ್ಚಿಮಕ್ಕೆ ಇನ್ನೂ ದೂರದಲ್ಲಿರುವ ನೇಪರ್‌ವಿಲ್‌ನಲ್ಲಿ ಐದನೆಯ ಒಂದು ಪಾಲಿಗೂ ಹೆಚ್ಚು ಏಷ್ಯನ್ನರು, ಅವರಲ್ಲಿ ಭಾರತೀಯರು ಬಹಳ, ಕನ್ನಡಿಗರೂ ಇದ್ದಾರೆ. ಪಕ್ಕದ ಅರೋರಾದ ಬಾಲಾಜಿ ದೇವಸ್ಥಾನದಲ್ಲಿ 1986ರಲ್ಲೇ ಪ್ರತಿಷ್ಠಾಪನೆಯಾಯಿತು. ಇವರಿಗೆ ಯಾವ ವಸತಿ ಕೇಂದ್ರವೂ ದಾರಿ ತೋರಿಸಲಿಲ್ಲ.

ಅಧ್ಯಾಪಕಿ: ವಸತಿ ಕೇಂದ್ರ ತೋರಿಸಲಿಲ್ಲ, ಕಾನೂನು ತೋರಿಸಿತು. 1965ರ ವಲಸೆ ಕಾಯಿದೆ ದೇಶವಾರು ಹಳೆಯ ಮಿತಿಗಳನ್ನು ತೆಗೆದು ಹಾಕಿ, ಕುಟುಂಬ ಸಂಬಂಧ ಮತ್ತು ವೃತ್ತಿ ಕೌಶಲಗಳಿಗೆ ಆದ್ಯತೆ ಕೊಟ್ಟಿತು. ಅದರಡಿ ಹೋದ ವೈದ್ಯರು, ಎಂಜಿನಿಯರುಗಳು, ಆಮೇಲೆ ಹೋದ ಸಾಫ್ಟ್‌ವೇರ್ ಉದ್ಯೋಗಿಗಳು ಪದವಿಯನ್ನೂ ಸಂಬಳವನ್ನೂ ಜೊತೆಗೆ ಒಯ್ದರು. ಅವರು ಮನೆ ಕೊಳ್ಳುವ ಹೊತ್ತಿಗೆ ಕಪ್ಪು ವರ್ಣೀಯರ ಹೋರಾಟದಿಂದ ದೊರೆತ 1968ರ ಕಾಯಿದೆ ಜಾರಿಯಲ್ಲಿತ್ತು. ಮನೆ ಕೊಳ್ಳಲು ಬೇಕಾದ ಹಣವೂ ಮನೆ ನಿರಾಕರಿಸಬಾರದೆಂಬ ಕಾನೂನೂ ಒಟ್ಟಿಗೆ ಕೈಗೆ ಬಂದ ಗುಂಪು ಅವರದು. ಜೂಲಿಯನ್ ಅವರ ಬಳಿ ಹಣವಿತ್ತು, ಕಾನೂನಿರಲಿಲ್ಲ. ಆಸ್ಟಿನ್‌ನ ಅನೇಕರಿಗೆ ಕಾನೂನು ಬಂತು, ಆದರೆ ತಲೆಮಾರುಗಳಿಂದ ಸಾಲ ನಿರಾಕರಿಸಿದ್ದರಿಂದ ಹಣ ಕೂಡಿರಲಿಲ್ಲ. ದುಡಿದವರು ಮುಂದೆ ಬಂದರೆಂಬ ಸರಳ ಮಾತಿನಲ್ಲಿ ಈ ವ್ಯತ್ಯಾಸ ಮರೆಯಾಗುತ್ತದೆ.

ವಿದ್ಯಾರ್ಥಿ: ಕೊನೆಗೆ, ಓಕ್ ಪಾರ್ಕ್ ಗೆದ್ದಿತೆನ್ನಬಹುದೇ?

ಅಧ್ಯಾಪಕಿ: ಬೀದಿಯ ಮಟ್ಟದಲ್ಲಿ ಬಹಳ ಮಟ್ಟಿಗೆ ಗೆದ್ದಿತು, ತರಗತಿಯ ಮಟ್ಟದಲ್ಲಿ ಇನ್ನೂ ಇಲ್ಲ. ಅಲ್ಲಿಯ ಪ್ರೌಢಶಾಲೆಯಲ್ಲಿ ಒಂದು ವರ್ಷ ಚಿತ್ರೀಕರಿಸಿ, ನಿರ್ದೇಶಕ ಸ್ಟೀವ್ ಜೇಮ್ಸ್ 2018ರಲ್ಲಿ ‘ಅಮೆರಿಕ ಟು ಮಿ’ ಎಂಬ ಹತ್ತು ಕಂತುಗಳ ಸಾಕ್ಷ್ಯಚಿತ್ರವನ್ನು ಹೊರತಂದರು. ಒಂದೇ ಬಾಗಿಲಿನಿಂದ ಒಳಬರುವ ಮಕ್ಕಳು, ಕಠಿಣ ಪಾಠಗಳ ತರಗತಿಗಳಲ್ಲಿ ಹೆಚ್ಚಾಗಿ ಬಿಳಿಯರು, ಉಳಿದ ತರಗತಿಗಳಲ್ಲಿ ಹೆಚ್ಚಾಗಿ ಕಪ್ಪು ವರ್ಣೀಯರು ಎಂಬಂತೆ ಹೇಗೆ ಬೇರ್ಪಡುತ್ತಾರೆಂಬುದನ್ನು ಅದು ತೋರಿಸಿತು. ಇತ್ತ ಉಪನಗರದ ಹೆಸರು ಏರಿದಂತೆ ಮನೆಯ ಬೆಲೆಯೂ ಶಾಲೆಗಳನ್ನು ನಡೆಸುವ ಆಸ್ತಿ ತೆರಿಗೆಯೂ ಏರಿವೆ, ಮತ್ತು 2000ದಲ್ಲಿ ಶೇ. 22ರಷ್ಟಿದ್ದ ಕಪ್ಪು ವರ್ಣೀಯರ ಪಾಲು ಈಗ ಇಳಿದಿದೆ. ಹಿಂದೆ ಷರತ್ತಿನ ಪತ್ರ ಮಾಡಿದ ಕೆಲಸದ ಒಂದು ಭಾಗವನ್ನು ಇಂದು ಬೆಲೆ ಮಾಡುತ್ತಿದೆ.

ವಿದ್ಯಾರ್ಥಿ: ಹಾಗಿದ್ದರೆ ಒಂದು ಉಪನಗರದ ರಚನೆಯನ್ನು ಅಧ್ಯಯನ ಮಾಡುವವರು ಶೇಕಡಾವಾರು ಪಟ್ಟಿಯನ್ನು ಬದಿಗಿಡಬೇಕೇ?

ಅಧ್ಯಾಪಕಿ: ಬದಿಗಿಡುವುದು ಬೇಡ, ಅಲ್ಲಿಗೇ ನಿಲ್ಲುವುದೂ ಬೇಡ. ಆ ಊರಿನಲ್ಲಿ ಸಾಲ ಯಾರಿಗೆ ಸಿಗುತ್ತದೆ, ದಲ್ಲಾಳಿ ಯಾರಿಗೆ ಯಾವ ಬೀದಿಯನ್ನು ತೋರಿಸುತ್ತಾನೆ, ಬಾಡಿಗೆಯ ಮನೆ ಕಟ್ಟಲು ಅನುಮತಿ ಇದೆಯೇ, ಶಾಲೆಯ ಯಾವ ಕೊಠಡಿಯಲ್ಲಿ ಯಾರು ಕೂರುತ್ತಾರೆ ಎಂಬ ನಾಲ್ಕು ಪ್ರಶ್ನೆಗಳನ್ನು ಪಟ್ಟಿಯ ಪಕ್ಕದಲ್ಲಿಟ್ಟು ಓದಬೇಕು. ಪ್ರತ್ಯೇಕತೆಯನ್ನು ದಶಕಗಳ ಕಾಲ ಕಾನೂನು ಮತ್ತು ಹಣದಿಂದ ಕಟ್ಟಿದ ದೇಶದಲ್ಲಿ, ಬೆರೆತ ಊರನ್ನೂ ಅವುಗಳಿಂದಲೇ ಕಟ್ಟಿ, ಕಟ್ಟಿದ್ದನ್ನು ಕಾಯುತ್ತಿರಬೇಕಾಗುತ್ತದೆ. ಓಕ್ ಪಾರ್ಕಿನ ಮಂಡಳಿ 1973ರಲ್ಲಿ ವೈವಿಧ್ಯವೇ ಊರಿನ ನೀತಿಯೆಂದು ಒಂದು ಹೇಳಿಕೆಯನ್ನು ಅಂಗೀಕರಿಸಿತು. ಆಮೇಲೆ ಆಯ್ಕೆಯಾಗಿ ಬಂದ ಮಂಡಳಿಗಳು ಅದನ್ನು ಪುನಃ ಅಂಗೀಕರಿಸುತ್ತ ಬಂದಿವೆ.